ಹೊಸ ಸೇತುವೆಗೆ ಅನುಮತಿ ಕೊಡುವಾಗ ಕಾಳಿ ನದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕೋಡಿಬಾಗವನ್ನು ಸದಾಶಿವಗಡಕ್ಕೆ ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಮೀನುಗಾರರು ಮತ್ತು ಪೊಲೀಸರು ಆ ಕತ್ತಲಲ್ಲೇ ಚಾಲಕನನ್ನು ಉಳಿಸಿದರು. ಮಳೆಗಾಲದ ಹೊಳೆಯಲ್ಲಿ ಅದು ಸಣ್ಣ ಕೆಲಸವಲ್ಲ. ಅಂದಿನಿಂದ ನಡೆದ ಚರ್ಚೆಯೆಲ್ಲ ಮೂರು ಪ್ರಶ್ನೆಗಳ ಸುತ್ತ ಸುತ್ತಿತು: ತಪ್ಪು ಯಾರದು, ಟೋಲ್ ಏಕೆ ಕೊಡಬೇಕು, ಹೊಸ ಸೇತುವೆ ಯಾವಾಗ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಸೇತುವೆ ಬಿದ್ದದ್ದು ಎಲ್ಲಿಗೆ, ಹೊಸದು ಏಳುವಾಗ ಆ ನೀರಿನಲ್ಲಿ ಏನೇನು ನಡೆಯುತ್ತದೆ, ಅದಕ್ಕೆ ಯಾರು, ಯಾವ ಷರತ್ತಿನ ಮೇಲೆ ಅನುಮತಿ ಕೊಡುತ್ತಾರೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವರು ಬಹಳ ಕಡಿಮೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಇದು ಸೇತುವೆಗೆ ವಿರೋಧವಾಗಿ ಬರೆದದ್ದಲ್ಲ. ಈ ಸೇತುವೆ ಇದ್ದ ರಾಷ್ಟ್ರೀಯ ಹೆದ್ದಾರಿ 66 ಕಾರವಾರಕ್ಕೆ ಎಷ್ಟು ಮುಖ್ಯವೆಂಬುದನ್ನು, ರೋಗಿಯನ್ನು ಆಂಬ್ಯುಲೆನ್ಸಿನಲ್ಲಿ ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಕರೆದೊಯ್ದ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕ್ಕಪಕ್ಕದ ಎರಡು ಸೇತುವೆಗಳ ಸಂಚಾರವನ್ನು ಉಳಿದ ಒಂದೇ ಸೇತುವೆಯ ಮೇಲೆ ಹೊರಿಸಿ ವರ್ಷಗಟ್ಟಲೆ ಕೂರುವುದೂ ಸರಿಯಲ್ಲ. ಬೇಗ ಕಟ್ಟಲು ಸಾಧ್ಯ ಎಂಬುದಕ್ಕೆ ಇದೇ ಹೆದ್ದಾರಿಯಲ್ಲಿ ಉದಾಹರಣೆಯಿದೆ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಕೊಚ್ಚಿಹೋಗಿ, ಬಸ್ಸುಗಳ ಸಮೇತ ಹಲವರು ಪ್ರಾಣ ಕಳೆದುಕೊಂಡರು. ಅಲ್ಲಿ ಹೊಸ ಸೇತುವೆ 165 ದಿನಗಳಲ್ಲಿ ಎದ್ದು, ಮರುವರ್ಷದ ಮಳೆಗಾಲಕ್ಕೆ ಮುಂಚೆಯೇ ಸಂಚಾರಕ್ಕೆ ತೆರೆಯಿತು. ಅಷ್ಟು ವೇಗ ಸಾಧ್ಯವಿರುವಾಗ, ಪರಿಸರದ ಷರತ್ತುಗಳಿಂದಲೇ ಕಾಮಗಾರಿ ನಿಂತುಹೋಗುತ್ತದೆ ಎಂಬ ಗೊಣಗಾಟವನ್ನು ನಾನು ಪೂರ್ತಿ ನಂಬುವುದಿಲ್ಲ.

ಸೇತುವೆಯನ್ನು ಬದಲಿಸುವುದೆಂದರೆ ನದಿಯ ಪಾಲಿಗೆ ಮೂರು ಬೇರೆ ಬೇರೆ ಕಾಮಗಾರಿಗಳು. ಹಳೆಯದನ್ನು ಕೆಡವಿ ಹೊರತೆಗೆಯುವುದು ಒಂದು. ಯಂತ್ರಗಳು ನೀರಿನ ನಡುವಿಗೆ ಹೋಗಲು ತಾತ್ಕಾಲಿಕ ದಾರಿ, ದಿಬ್ಬ, ಕಟ್ಟೆಗಳನ್ನು ಹಾಕುವುದು ಇನ್ನೊಂದು. ಹೊಸ ಕಂಬಗಳನ್ನು ಎಬ್ಬಿಸುವುದು ಮೂರನೆಯದು. ನಮ್ಮ ಅರ್ಜಿ, ನಕ್ಷೆ, ಸಭೆಗಳೆಲ್ಲ ಮೂರನೆಯದರ ಬಗ್ಗೆ ಮಾತ್ರ ಇರುತ್ತವೆ. ನದಿಗೆ ಹೆಚ್ಚು ಪೆಟ್ಟು ಬೀಳುವುದು ಮೊದಲ ಎರಡರಿಂದ. ಮುಗಿದ ಸೇತುವೆ ನೋಡಲು ಚೆಂದ. ಎರಡು ದಡಗಳ ನಡುವೆ ಹತ್ತಾರು ಕಂಬ, ಕೆಳಗೆ ನೀರು. ಆದರೆ ಅದನ್ನು ಕಟ್ಟುವಾಗ ಲಾರಿಗಟ್ಟಲೆ ಕೆಂಪು ಮಣ್ಣನ್ನು ತಂದು ಅರ್ಧ ಹೊಳೆಯವರೆಗೆ ಸುರಿದು ಅದರ ಮೇಲೆ ಕ್ರೇನ್ ನಿಲ್ಲಿಸುವುದು ಕರಾವಳಿಯಲ್ಲಿ ಮಾಮೂಲಿ ಪದ್ಧತಿ. ಬಾರ್ಜ್ ಎಂಬ ಚಪ್ಪಟೆ ತಳದ ದೋಣಿಯ ಮೇಲಿಂದ, ಇಲ್ಲವೇ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದ ತಾತ್ಕಾಲಿಕ ಅಟ್ಟದ ಮೇಲಿಂದ ಕೆಲಸ ಮಾಡಬಹುದು. ಮಣ್ಣು ಅಗ್ಗ, ಅದಕ್ಕೇ ಮಣ್ಣು. ಅದನ್ನು ಹಾಕಲು ಇದ್ದ ಅವಸರ ತೆಗೆಯಲು ಇರುವುದಿಲ್ಲ. ಮೊದಲ ಮಳೆಗೆ ಅರ್ಧ ಕೊಚ್ಚಿಕೊಂಡು ಹೋಗಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಕೂರುತ್ತದೆ, ಉಳಿದರ್ಧ ಅಲ್ಲೇ ಹುಲ್ಲು ಬೆಳೆಸಿಕೊಂಡು ಹೊಳೆಯ ದಿಕ್ಕನ್ನೇ ತಿರುಗಿಸುತ್ತದೆ. ಪೈಲಿಂಗ್, ಅಂದರೆ ಕಂಬದ ಅಡಿಪಾಯವನ್ನು ಆಳಕ್ಕೆ ಇಳಿಸುವ ಕೆಲಸ, ಮಾಡುವಾಗ ಕೊರೆದ ಗುಂಡಿ ಕುಸಿಯದಿರಲಿ ಎಂದು ತುಂಬುವ ಬೆಂಟೊನೈಟ್ ಜೇಡಿಯ ರಾಡಿಯನ್ನು ತೊಟ್ಟಿಯಲ್ಲಿ ಸಂಗ್ರಹಿಸಿ ಮರುಬಳಕೆ ಮಾಡಬೇಕು. ಹಾಗೆ ಮಾಡದಿದ್ದರೆ ಅದು ಸೇರುವುದೂ ಅದೇ ನೀರನ್ನು.

ಕಾಳಿ ಆ ಜಾಗದಲ್ಲಿ ಬರಿಯ ಹರಿಯುವ ನದಿಯಲ್ಲ. ಜೋಯಿಡಾದ ಕಾಡಿನಲ್ಲಿ ಹುಟ್ಟಿ, ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ ಬರುವ ನೀರು ಅಲ್ಲಿ ಸಮುದ್ರದ ಉಪ್ಪು ನೀರಿನೊಡನೆ ಬೆರೆಯುತ್ತದೆ. ಭರತದ ಹೊತ್ತಿಗೆ ಸಮುದ್ರ ಒಳಗೆ ಬರುತ್ತದೆ, ಇಳಿತದ ಹೊತ್ತಿಗೆ ಹೊಳೆ ಹೊರಗೆ ಹೋಗುತ್ತದೆ. ದಡದ ಕೆಸರಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳಿವೆ. ಅವುಗಳ ಬೇರುಗಳ ನಡುವೆ ಸೀಗಡಿ, ಏಡಿ, ಮೀನುಮರಿಗಳು ಬೆಳೆಯುತ್ತವೆ. ಹೊಳೆಯ ತಳದ ಮರಳಿನಲ್ಲಿ ಬಳಚು, ತಿಸರೆ ಎಂಬ ಚಿಪ್ಪುಜೀವಿಗಳು ಸಿಗುತ್ತವೆ. ಮೀನಿಗಾದರೆ ಓಡಿಹೋಗುವ ಅವಕಾಶವಿದೆ, ಚಿಪ್ಪುಜೀವಿಗೆ ಅದಿಲ್ಲ. ಅದರ ಮೇಲೆ ನಾಲ್ಕು ಬೆರಳಿನಷ್ಟು ಜೇಡಿ ಕೂತರೆ ಅಲ್ಲೇ ಉಸಿರುಗಟ್ಟಿ ಸಾಯುತ್ತದೆ. ಇಳಿತದಲ್ಲಿ ಸೊಂಟದವರೆಗಿನ ನೀರಿಗಿಳಿದು ಚಿಪ್ಪು ಹೆಕ್ಕುವ ಹೆಂಗಸರ ಅಂದಿನ ಸಂಪಾದನೆಯೂ ಅದರೊಡನೆ ಹೋಗುತ್ತದೆ. ಸೇತುವೆಯ ಯೋಜನಾ ವರದಿಯಲ್ಲಿ ಇವರನ್ನು ಹುಡುಕಿದರೆ, ಹೆಚ್ಚೆಂದರೆ ‘ಸ್ಥಳೀಯ ನಿವಾಸಿಗಳು’ ಎಂಬ ಎರಡು ಪದಗಳ ಒಳಗೆ ಸಿಗುತ್ತಾರೆ.

ಇನ್ನು ಕಾನೂನಿನ ಮಾತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಹೆದ್ದಾರಿಗಳಿಗೆ ಪೂರ್ವಾನುಮತಿ ಬೇಕೆಂದಿದೆ. ಆದರೆ 2013ರ ತಿದ್ದುಪಡಿಯ ನಂತರ, ಈಗಿರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದವಾಗಿದ್ದು, ಹಳೆಯ ದಾರಿಯಲ್ಲಿ 40 ಮೀಟರಿಗಿಂತ, ಹೊಸ ತಿರುವುಗಳಲ್ಲಿ 60 ಮೀಟರಿಗಿಂತ ಹೆಚ್ಚು ಜಾಗ ಬೇಕಾದಾಗ ಮಾತ್ರ ಆ ಅನುಮತಿ ಕಡ್ಡಾಯ. ಇದ್ದ ಜಾಗದಲ್ಲೇ ಒಂದು ಸೇತುವೆಯನ್ನು ಬದಲಿಸುವ ಕೆಲಸ ಈ ಜಾಲರಿಯ ಕಣ್ಣಿನೊಳಗಿಂದ ಸಲೀಸಾಗಿ ನುಸುಳುತ್ತದೆ. ಇಡೀ ಹೆದ್ದಾರಿಗೆ ಅನುಮತಿ ಪಡೆದಾಗಲೂ, ನೂರಾರು ಕಿಲೋಮೀಟರಿನ ವರದಿಯಲ್ಲಿ ಒಂದೊಂದು ನದಿಗೆ ಸಿಗುವುದು ಕೋಷ್ಟಕದ ಒಂದು ಸಾಲು.

ಕರಾವಳಿಯಲ್ಲಿ ಉಳಿದಿರುವ ಗಟ್ಟಿ ಆಸರೆ ಎಂದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಜೆಡ್ ಅಧಿಸೂಚನೆ. 2019ರ ಅಧಿಸೂಚನೆಯ ಪ್ರಕಾರ, ವರ್ಷದ ಅತ್ಯಂತ ಒಣ ಕಾಲದಲ್ಲಿ ಸಾವಿರಕ್ಕೆ 5 ಭಾಗ ಉಪ್ಪು ಎಲ್ಲಿಯವರೆಗೆ ಸಿಗುತ್ತದೆಯೋ ಅಲ್ಲಿಯವರೆಗಿನ ಹೊಳೆ ಈ ವಲಯಕ್ಕೆ ಸೇರುತ್ತದೆ. 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ವನವಿದ್ದರೆ ಅದರ ಸುತ್ತ 50 ಮೀಟರ್ ರಕ್ಷಿತ ಪಟ್ಟಿ ಇರಬೇಕು. ಸಾರ್ವಜನಿಕ ಉದ್ದೇಶಕ್ಕೆಂದು ಅದನ್ನು ಕಡಿಯಲೇಬೇಕಾಗಿ ಬಂದರೆ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ಮತ್ತೆ ನೆಡಬೇಕು. ಕಟ್ಟಡದ ಅವಶೇಷಗಳನ್ನು ಈ ವಲಯದಲ್ಲಿ ಸುರಿದು ಜಾಗ ತುಂಬುವುದು ನಿಷಿದ್ಧ. ಸೇತುವೆಯನ್ನು ಮಾತ್ರ ಅನುಮತಿ ಪಡೆದು ಕಟ್ಟಬಹುದು. ಇದೇ ಅಧಿಸೂಚನೆ ಇಂತಹ ಹೊಳೆಗಳ ದಡದ ರಕ್ಷಿತ ಪಟ್ಟಿಯನ್ನು 2011ರಲ್ಲಿದ್ದ 100 ಮೀಟರಿನಿಂದ 50 ಮೀಟರಿಗೆ ಇಳಿಸಿತು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಇಳಿಕೆಗೆ ಒಪ್ಪಬಹುದಾದ ಕಾರಣವೊಂದು ನನಗಂತೂ ಕಂಡಿಲ್ಲ.

1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೆಯ ಕಲಮನ್ನು ಇಂಜಿನಿಯರುಗಳೂ ಹೋರಾಟಗಾರರೂ ಒಮ್ಮೆ ಕೂತು ಓದಬೇಕು. ಅದರ ಮೊದಲ ಭಾಗ, ಹೊಳೆಗೆ ವಿಷಕಾರಿ ವಸ್ತುವನ್ನು ಬಿಡಬಾರದು ಮತ್ತು ಮಾಲಿನ್ಯ ಉಲ್ಬಣಿಸುವಂತೆ ಹರಿವಿಗೆ ತಡೆಯಾಗುವ ಯಾವುದನ್ನೂ ಹಾಕಬಾರದು ಎನ್ನುತ್ತದೆ. ಎರಡನೆಯ ಭಾಗ, ಕಟ್ಟುವ ಹಕ್ಕಿರುವವರು ಹೊಳೆಗೆ ಅಡ್ಡಲಾಗಿ ಸೇತುವೆಯನ್ನು ಕಟ್ಟಿದರೆ, ಸುಧಾರಿಸಿದರೆ, ದುರಸ್ತಿ ಮಾಡಿದರೆ, ಅಷ್ಟರಿಂದಲೇ ಅಪರಾಧಿಗಳಾಗುವುದಿಲ್ಲ ಎಂದು ವಿನಾಯಿತಿ ಕೊಡುತ್ತದೆ. ವಿನಾಯಿತಿ ತಪ್ಪಲ್ಲ, ಅದಿಲ್ಲದಿದ್ದರೆ ದೇಶದಲ್ಲಿ ಒಂದು ಕಂಬವೂ ಏಳುತ್ತಿರಲಿಲ್ಲ. ಆದರೆ ಅದು ಶಾಶ್ವತ ಕಾಮಗಾರಿಗೆ ಕೊಟ್ಟ ವಿನಾಯಿತಿ. ಬೆಂಟೊನೈಟ್ ರಾಡಿಗೂ ಬಿಟ್ಟುಹೋದ ಮಣ್ಣಿನ ದಿಬ್ಬಕ್ಕೂ ಅದನ್ನು ಎಳೆದು ಹೊದಿಸಲು ಬರುವುದಿಲ್ಲ. ‘ಸೇತುವೆ ಕೆಲಸ’ ಎಂಬ ಫಲಕ ನೆಟ್ಟ ಕೂಡಲೇ ಹೊಳೆಯಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದೇ ಹೊಳೆಯಲ್ಲಿ ದೋಣಿಯಲ್ಲಿ ಮರಳು ತೆಗೆಯುವವನಾದರೆ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಯ ಪರವಾನಗಿಗೆ ಕಾಯಬೇಕು. ಕಾಯಲಿ, ಅದೂ ಬೇಕಾದ್ದೇ. ಆದರೆ ಒಬ್ಬನಿಗೆ ಬುಟ್ಟಿಯ ಲೆಕ್ಕ, ಇನ್ನೊಬ್ಬನಿಗೆ ಟಿಪ್ಪರಿನ ಲೆಕ್ಕವೂ ಇಲ್ಲ ಎಂಬುದು ನ್ಯಾಯವಾಗಿ ಕಾಣುವುದಿಲ್ಲ.

ಕಾಗದದ ಮೇಲೆ ಕಾಳಿ ಜಲಮಾರ್ಗವೂ ಹೌದು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಪಟ್ಟಿ ಮಾಡಿದ 111 ಜಲಮಾರ್ಗಗಳಲ್ಲಿ ಕೊಡಸಳ್ಳಿಯಿಂದ ಸಮುದ್ರದವರೆಗಿನ ಕಾಳಿಗೆ 52ನೆಯ ಸಂಖ್ಯೆ. ಹಡಗು ಓಡಿಸುವ ಆ ಕನಸಿನ ಬಗ್ಗೆ ನನಗೆ ಉತ್ಸಾಹವಿಲ್ಲ. ಆದರೆ ಜಲಮಾರ್ಗವೆಂದು ಘೋಷಿಸಿದ ಮೇಲೆ ಸೇತುವೆಯ ಕಂಬಗಳ ನಡುವಿನ ಅಂತರ ಮತ್ತು ನೀರಿನಿಂದ ಗರ್ಡರಿನವರೆಗಿನ, ಅಂದರೆ ಸೇತುವೆಯ ತೊಲೆಯವರೆಗಿನ, ಎತ್ತರವನ್ನು ಒಳನಾಡು ಜಲಮಾರ್ಗ ಪ್ರಾಧಿಕಾರದವರು ನೋಡಿ ಒಪ್ಪಬೇಕಾಗುತ್ತದೆ. ಆ ಒಪ್ಪಿಗೆಯಲ್ಲಿ ಮೀನುಗಾರರ ದೋಣಿಯ ದಾರಿಯನ್ನೂ ಸೇರಿಸಿ ಎಂದು ಕೇಳಲು ಅದೊಂದು ಅವಕಾಶ.

ಅದೇ 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸರಕುಹಡಗು ಡಿಕ್ಕಿ ಹೊಡೆದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಬಿದ್ದು, ಅದರ ಮೇಲೆ ಕೆಲಸ ಮಾಡುತ್ತಿದ್ದ 6 ಜನ ಸತ್ತರು. ಸುಮಾರು 50,000 ಟನ್ ಅವಶೇಷಗಳನ್ನು ಎತ್ತಿ ಜೂನ್ 10ರ ಹೊತ್ತಿಗೆ ಹಡಗುದಾರಿಯನ್ನು ಪೂರ್ತಿ ತೆರವುಗೊಳಿಸಲಾಯಿತು. ಅವರ ಬಂದರು, ಅವರ ಹಣ, ಅವರ ಕ್ರೇನುಗಳು ನಮಗಿಲ್ಲ ಎಂಬುದು ನಿಜ; ವೇಗವನ್ನು ಹೋಲಿಸಲು ನಾನು ಹೋಗುವುದಿಲ್ಲ. ಗಮನಿಸಬೇಕಾದದ್ದು ಅನುಮತಿಯ ರೀತಿಯನ್ನು. ಹಳೆಯ ಜಾಗದಲ್ಲೇ ಕಟ್ಟುವುದರಿಂದ ಹೊಸ ಸೇತುವೆಗೆ ವಿಸ್ತಾರವಾದ ಪರಿಸರ ಅಧ್ಯಯನದಿಂದ ಅಲ್ಲಿಯೂ ವಿನಾಯಿತಿ ಸಿಕ್ಕಿತು. ಆದರೆ ನೀರಿನೊಳಗೆ ಕೈಹಾಕಲು ಸೇನೆಯ ಇಂಜಿನಿಯರ್ ದಳದ ಪರವಾನಗಿ, ಸೇತುವೆಗೆ ಕರಾವಳಿ ರಕ್ಷಣಾ ಪಡೆಯ ಪರವಾನಗಿ ಎಂಬ ವ್ಯವಸ್ಥೆ ಅದರಿಂದ ಬಿದ್ದುಹೋಗಲಿಲ್ಲ. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರಿನೊಳಗಿನ ಕೆಲಸ ಕೂಡದು ಎಂಬ ಷರತ್ತು ಅಂತಹ ಪರವಾನಗಿಗಳಲ್ಲಿ ಸಾಮಾನ್ಯ. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಸಂತಾನದ ಕಾಲವೆಂದು ಬೋಟನ್ನು ದಡಕ್ಕೆ ಕಟ್ಟಿದವನ ಕಣ್ಣೆದುರೇ ಹೊಳೆಬಾಯಲ್ಲಿ ಪೈಲಿಂಗ್ ನಡೆದರೆ ಅವನು ಏನೆಂದುಕೊಳ್ಳಬೇಕು?

ನದಿಯನ್ನು ಕಾಯುವುದು ಸೇತುವೆಯನ್ನು ಕಾಯುವ ಕೆಲಸವೂ ಹೌದು ಎಂಬುದನ್ನು ಹೆದ್ದಾರಿ ಇಂಜಿನಿಯರುಗಳಿಗೆ ನಾನು ಹೇಳಬೇಕಾಗಿಲ್ಲ. ಹರಿವಿನ ದಾರಿ ಕಿರಿದಾದರೆ ನೀರಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಕಂಬದ ಬುಡದ ಮರಳು ಕೊರೆದುಹೋಗುತ್ತದೆ. ಅಡಿಪಾಯದ ಆಳವನ್ನು ನಿರ್ಧರಿಸುವುದೇ ಈ ಕೊರೆತದ ಲೆಕ್ಕದಿಂದ. ಹಳೆಯ ಸೇತುವೆಯ ಕಾಂಕ್ರೀಟ್ ತುಂಡು, ಮುರಿದ ಕಂಬದ ಬುಡ, ತೆಗೆಯದ ದಿಬ್ಬಗಳು ಹೊಳೆಯಲ್ಲಿ ಉಳಿದರೆ, ನಕ್ಷೆಯಲ್ಲಿ ಬರೆದ ಹರಿವೇ ಬೇರೆ, ನಿಜವಾಗಿ ಹರಿಯುವುದೇ ಬೇರೆ ಆಗುತ್ತದೆ; ಪಕ್ಕದಲ್ಲೇ ನಿಂತು ಇಂದು ಎಲ್ಲರ ಭಾರ ಹೊತ್ತಿರುವ ಸೇತುವೆಗೂ ಅದು ಒಳ್ಳೆಯದಲ್ಲ. ದಕ್ಷಿಣ ಕನ್ನಡದಲ್ಲಿ ಫಲ್ಗುಣಿ ನದಿಯ ಮೂಲರಪಟ್ನ ಸೇತುವೆ 2018ರ ಜೂನ್‌ನಲ್ಲಿ ಕುಸಿಯಿತು, ಅದೇ ನದಿಯ ಮರವೂರು ಸೇತುವೆ 2021ರ ಜೂನ್‌ನಲ್ಲಿ ಕುಗ್ಗಿತು. ಎರಡೂ ಸಲ ಊರಿನವರು ಬೆರಳು ತೋರಿಸಿದ್ದು ಹೊಳೆಯ ತಳವನ್ನು ಬಗೆದ ಮರಳುಗಾರಿಕೆಯ ಕಡೆಗೆ. ಕಾಳಿಯಲ್ಲಂತೂ 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಂತಹ ನೀರು ಸಮುದ್ರಕ್ಕೆ ಹೋಗುವ ಬಾಯಿಯಲ್ಲಿ ಒಂದಡಿ ಮಣ್ಣೂ ಹೆಚ್ಚಿಗೆ ಇರಬಾರದು.

ನನ್ನ ಸಲಹೆ ಇಷ್ಟೇ. ಸೇತುವೆ ಬದಲಿಸುವ ಯಾವುದೇ ಕಾಮಗಾರಿಗೆ ಕೆಡವುವಿಕೆ, ತಾತ್ಕಾಲಿಕ ಕೆಲಸ, ಹೊಸ ನಿರ್ಮಾಣ ಮೂರನ್ನೂ ಸೇರಿಸಿ ಒಂದೇ ಅನುಮತಿ ಇರಲಿ. ಕೆಲಸ ಶುರುವಾಗುವ ಮುನ್ನ ಮೇಲಕ್ಕೂ ಕೆಳಕ್ಕೂ ಒಂದಷ್ಟು ದೂರ ನದಿತಳದ ಆಳವನ್ನು ಅಳೆದು ನಕ್ಷೆ ಮಾಡಿ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಅಳೆಯಲಿ. ಎರಡು ನಕ್ಷೆಗಳು ಹೊಂದುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗದಿರಲಿ. ದಂಡ, ನೋಟಿಸು, ವಿಚಾರಣಾ ಸಮಿತಿಗಳಲ್ಲಿ ನನಗೆ ನಂಬಿಕೆ ಕಡಿಮೆ. ತಡೆಹಿಡಿದ ಬಿಲ್ಲಿನಲ್ಲಿ ಬಹಳ ನಂಬಿಕೆಯಿದೆ. ಇದರಿಂದ ವೆಚ್ಚ ಏರುತ್ತದೆ ಎನ್ನುವವರಿದ್ದಾರೆ. ಹೌದು, ಸ್ವಲ್ಪ ಏರುತ್ತದೆ. ಮಣ್ಣು ತೆಗೆಯುವ ಖರ್ಚನ್ನು ಇಂದು ಟೆಂಡರಿನಲ್ಲಿ ಬರೆಯದಿದ್ದರೆ ನಾಳೆ ಅದನ್ನು ಹೂಳೆತ್ತುವ ಯೋಜನೆಯ ಹೆಸರಿನಲ್ಲಿ ಸರ್ಕಾರವೇ ಭರಿಸುತ್ತದೆ, ಅಷ್ಟರೊಳಗೆ ಮೀನುಗಾರ ಅದನ್ನು ಬರಿಗೈಯ ಬಲೆಯಲ್ಲಿ ಭರಿಸಿರುತ್ತಾನೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ; ಸಿಆರ್‌ಜೆಡ್ ಅನುಮತಿಯ ಷರತ್ತಿನಲ್ಲೂ ಟೆಂಡರಿನ ದಾಖಲೆಯಲ್ಲೂ ನಾಲ್ಕು ಸಾಲು ಸೇರಿಸಿದರೆ ಸಾಕು. ಅನುಮತಿ ಪತ್ರ, ತಾತ್ಕಾಲಿಕ ಕಾಮಗಾರಿಯ ನಕ್ಷೆ ಮತ್ತು ಅವಶೇಷ ವಿಲೇವಾರಿಯ ಯೋಜನೆ, ಈ ಮೂರು ಕಾಗದಗಳನ್ನು ಕನ್ನಡದಲ್ಲಿ ನಗರಸಭೆಯ ಮತ್ತು ನದಿದಂಡೆಯ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಲಿ, ಮೀನುಗಾರರ ಸಹಕಾರ ಸಂಘಗಳಿಗೆ ಒಂದೊಂದು ಪ್ರತಿ ಕೊಡಲಿ. ಹಾಕದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿಯೊಂದಿಗೆ ಯಾರು ಬೇಕಾದರೂ ಕೇಳಬಹುದು. ಕೇಳುವವರು ಹಳೆಯ ಸೇತುವೆಯ ಎಷ್ಟು ಟನ್ ಅವಶೇಷ ನೀರಿನಿಂದ ಹೊರಗೆ ಬಂತು, ಅದು ಈಗ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಲಿ. ಕಾರವಾರ, ಅಂಕೋಲಾ ಕಡೆಯವರು ಯಾರಾದರೂ ಅರ್ಜಿ ಬರೆಯುವುದಾದರೆ ಇಲ್ಲಿ ತಿಳಿಸಿ, ಕರಡು ತಯಾರಿಸಲು ನಾನೂ ಕೈಜೋಡಿಸುತ್ತೇನೆ.