ಬಾಗಿಲು ತೆಗೆಯೋ ಹ್ಯಾಂಡಲ್ ಪ್ರಯಾಣಿಕರ ಕೈಲಿರಬೇಕಾ?

ಟ್ರೈನ್ ಸುರಂಗದ ಮಧ್ಯೆ ನಿಂತುಬಿಟ್ಟಿದೆ, ಬೋಗಿ ತುಂಬ ಸುಟ್ಟ ವಾಸನೆ, ಅನೌನ್ಸ್‌ಮೆಂಟ್ ಇಲ್ಲ, ಬಾಗಿಲ ಪಕ್ಕ ಒಂದು ಕೆಂಪು ಹ್ಯಾಂಡಲ್ ಇದೆ. ಅದನ್ನ ಎಳೆದ್ರೆ ಬಾಗಿಲು ತೆಗೀಬೇಕಾ, ಇಲ್ಲ ಡ್ರೈವರ್ ಒಪ್ಪೋವರೆಗೂ ಕಾಯಬೇಕಾ? ಎರಡೂ ಕಡೆಯಿಂದ ನಾನೇ ವಾದ ಮಾಡಿ ನೋಡ್ತೀನಿ.

ಪರ: ಇರಲೇಬೇಕು

1951ರ ಏಪ್ರಿಲ್ 24, ಜಪಾನಿನ ಯೊಕೊಹಾಮಾದ ಸಕುರಾಗಿಚೊ ಸ್ಟೇಷನ್ ಹತ್ರ ರಿಪೇರಿ ಮಾಡ್ತಿದ್ದಾಗ ಕರೆಂಟ್ ತಂತಿ ಜೋತುಬಿದ್ದಿತ್ತು, ಬಂದ ಟ್ರೈನ್ ಅದಕ್ಕೆ ಸಿಕ್ಕಿಹಾಕ್ಕೊಂಡು ಬೆಂಕಿ ಹತ್ತಿಕೊಳ್ತು. ಬಾಗಿಲು ತೆಗೀಲಿಲ್ಲ. ಕಿಟಕಿ ಇತ್ತು, ಆದ್ರೆ ಮನುಷ್ಯ ನುಗ್ಗೋವಷ್ಟು ಜಾಗ ಇರಲಿಲ್ಲ. 106 ಜನ ಸತ್ರು. ಹೊಟ್ಟೆ ಉರಿಯೋ ವಿಷಯ ಏನಂದ್ರೆ, ಒಳಗಿಂದ ಬಾಗಿಲು ಸಡಿಲ ಮಾಡೋ ಕಾಕ್ (ನಲ್ಲಿ ಥರ ತಿರುಗಿಸೋ ಹಿಡಿ) ಆ ಬೋಗಿಯಲ್ಲೇ ಇತ್ತು, ಎಲ್ಲಿದೆ ಅಂತ ಪ್ರಯಾಣಿಕರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಅದು ಹಳೇ ಕಾಲ ಅಂತೀರಾ, 2003ರ ಫೆಬ್ರವರಿ 18ಕ್ಕೆ ಬನ್ನಿ. ದಕ್ಷಿಣ ಕೊರಿಯಾದ ದೇಗು ಮೆಟ್ರೋದಲ್ಲಿ ಒಬ್ಬ ಟ್ರೈನ್ ಒಳಗೆ ಬೆಂಕಿ ಇಟ್ಟ. ಆ ಟ್ರೈನಿಂದ ತುಂಬಾ ಜನ ಇಳಿದು ಓಡಿಬಿಟ್ರು, ಆದ್ರೆ ಅಷ್ಟರಲ್ಲಿ ಎದುರಿನ ಲೈನಲ್ಲಿ ಇನ್ನೊಂದು ಟ್ರೈನ್ ಬಂದು ನಿಂತು ಅದಕ್ಕೂ ಬೆಂಕಿ ಹಬ್ಬಿತು, ಅದರ ಡ್ರೈವರ್ ಒಳಗೇ ಇರಿ ಅಂತ ಹೇಳಿ, ಕಂಟ್ರೋಲ್ ರೂಮ್ ಜೊತೆ ಮಾತಾಡಿ, ಕೊನೆಗೆ ಬಾಗಿಲುಗಳನ್ನೂ ನಿಯಂತ್ರಿಸೋ ಮಾಸ್ಟರ್ ಕೀ ಕಿತ್ಕೊಂಡು ತಾನು ಹೋಗ್ಬಿಟ್ಟ. ಒಟ್ಟು 192 ಸಾವು, ಹೆಚ್ಚಿನವರು ಈ ಎರಡನೇ ಟ್ರೈನಲ್ಲಿದ್ದವರು. ಹೇಳಿದ ಮಾತು ಕೇಳಿ ಕೂತಿದ್ದವರು!

ಡ್ರೈವರ್ ಕೂತಿರೋದು ಮುಂದೆ, ಕಣ್ಣು ಹಳಿ ಮೇಲೆ. ಐದನೇ ಬೋಗಿಯಲ್ಲಿ ಹೊಗೆ ಎಷ್ಟು ದಟ್ಟ ಆಗಿದೆ, ಯಾರು ಕುಸಿದು ಬಿದ್ರು ಅನ್ನೋದು ಇಂಟರ್‌ಕಾಮಲ್ಲಿ ಯಾರೋ ಕೆಮ್ಮುತ್ತಾ ಹೇಳಿದ್ರೇನೇ ಅವರಿಗೆ ಗೊತ್ತಾಗೋದು. ಒಳಗಿನ ಸ್ಥಿತಿ ಗೊತ್ತಿರೋದು ಒಳಗಿರೋರಿಗೆ. ಅವರ ಕೈ ಕಟ್ಟಿಹಾಕಿದ್ರೆ ಸುಮ್ನೆ ಕೂರ್ತಾರಾ? 2023ರ ಮೇನಲ್ಲಿ ಲಂಡನ್‌ನ ಕ್ಲಾಪಮ್ ಕಾಮನ್ ಸ್ಟೇಷನಲ್ಲಿ ಸುಟ್ಟ ವಾಸನೆ ಬಂತು ಅಂತ ಜನ ಗಾಬರಿ ಬಿದ್ರು, ಬಾಗಿಲು ಬೇಗ ತೆಗೀಲಿಲ್ಲ, ಕಿಟಕಿ ಒಡೆದು ಆಚೆ ಬಂದ್ರು. ಬಾಗಿಲು ಕೊಡದಿದ್ರೆ ಗಾಜು ಒಡೀತಾರೆ, ಅದರಲ್ಲಿ ಕೈಕಾಲು ಕುಯ್ಕೋತಾರೆ.

ಬರೀ ಹ್ಯಾಂಡಲ್ ಇಟ್ಟು ಕೈ ತೊಳ್ಕೊಂಡ್ರೂ ಆಗಲ್ಲ, ಹೇಗೆ ಎಳೀಬೇಕು ಅಂತ ತೋರಿಸಬೇಕು. ವಿಮಾನದಲ್ಲಿ ಪ್ರತಿ ಸಲ ಎಮರ್ಜೆನ್ಸಿ ಬಾಗಿಲು ಎಲ್ಲಿದೆ ಅಂತ ಕೈ ಮಾಡಿ ತೋರಿಸ್ತಾರೆ, ಟ್ರೈನಲ್ಲಿ ಯಾರೂ ತೋರಿಸಲ್ಲ. ದಿನಾ ಅದೇ ಬಾಗಿಲ ಪಕ್ಕ ಒರಗಿ ನಿಲ್ಲೋ ನಾನೇ ಅಲ್ಲಿ ಬರೆದಿರೋದನ್ನ ಒಂದ್ಸಲಾನೂ ಪೂರ್ತಿ ಓದಿಲ್ಲ.

ವಿರೋಧ: ಹಾಗೇ ಕೊಡಬಾರದು

ಸಕುರಾಗಿಚೊ ಕಥೆ ಅಲ್ಲಿಗೇ ನಿಲ್ಲಿಸಿದ್ರೆ ಹೇಗೆ? ಆ ದುರಂತ ಆದ್ಮೇಲೆ ಬಾಗಿಲು ತೆಗೆಯೋ ಕಾಕ್ ಎಲ್ಲಿದೆ ಅಂತ ಎಲ್ಲರಿಗೂ ಕಾಣೋ ಹಾಗೆ ಬರೆದ್ರು. ಹನ್ನೊಂದು ವರ್ಷ ಆದ್ಮೇಲೆ, 1962ರ ಮೇ 3ರ ರಾತ್ರಿ, ಟೋಕಿಯೋದ ಮಿಕವಾಶಿಮಾದಲ್ಲಿ ಸಿಗ್ನಲ್ ದಾಟಿ ಬಂದ ಗೂಡ್ಸ್ ಟ್ರೈನ್ ಹಳಿ ತಪ್ಪಿತು, ಪ್ಯಾಸೆಂಜರ್ ಟ್ರೈನ್ ಅದಕ್ಕೆ ಗುದ್ದಿ ಅದೂ ಹಳಿ ತಪ್ಪಿತು. ಅಲ್ಲಿವರೆಗೂ ದೊಡ್ಡ ಅನಾಹುತ ಏನಲ್ಲ. ಜನ ಬುದ್ಧಿವಂತಿಕೆಯಿಂದ ಕಾಕ್ ತಿರುಗಿಸಿ ಬಾಗಿಲು ತೆಗೆದು ಪಕ್ಕದ ಹಳಿ ಮೇಲೆ ಇಳಿದು ನಡೀತಿದ್ರು, ಸುಮಾರು ಏಳು ನಿಮಿಷಕ್ಕೆ ಅದೇ ಹಳಿಯಲ್ಲಿ ಎದುರಿಂದ ಇನ್ನೊಂದು ಟ್ರೈನ್ ನುಗ್ಗಿತು. 160 ಜನ ಹೋದ್ರು. ಮೊದಲನೇ ದುರಂತದಲ್ಲಿ ಉಳಿಸಬೇಕಾಗಿದ್ದ ಕಾಕ್ ಎರಡನೇದರಲ್ಲಿ ಸಾವಿನ ದಾರಿಗೇ ಇಳಿಸ್ತು.

ಇಂಥದ್ದು ಈಗಲೂ ಆಗತ್ತೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ ಒಳಗೆ ಬೆಂಕಿ ಅಂತ ಗುಲ್ಲೆದ್ದು ಚೈನ್ ಎಳೆದು ಕೆಳಗಿಳಿದವರ ಮೇಲೆ ಪಕ್ಕದ ಹಳಿಯಲ್ಲಿ ಬಂದ ಕರ್ನಾಟಕ ಎಕ್ಸ್‌ಪ್ರೆಸ್ ಹರೀತು, ಹತ್ತಕ್ಕೂ ಹೆಚ್ಚು ಜನ ಸತ್ರು.

ಒಳಗಿನ ಸ್ಥಿತಿ ಒಳಗಿರೋರಿಗೆ ಗೊತ್ತು, ಸರಿ, ಒಪ್ಪಿದೆ. ಆದ್ರೆ ಬಾಗಿಲಿನ ಆಚೆ ಏನಿದೆ ಅಂತ ಅವರಿಗೆ ಗೊತ್ತಾ? ಎಷ್ಟೋ ಮೆಟ್ರೋಗಳಲ್ಲಿ ಹಳಿ ಪಕ್ಕದಲ್ಲೇ ಟ್ರೈನಿಗೆ ಕರೆಂಟ್ ಕೊಡೋ 750 ವೋಲ್ಟ್ ಥರ್ಡ್ ರೈಲ್ ಇರತ್ತೆ, ಕಾಲು ತಾಗಿದ್ರೆ ಮುಗೀತು. ಮೇಲ್ಸೇತುವೆ ಆದ್ರೆ ಒಂದು ಹೆಜ್ಜೆ ತಪ್ಪಿದ್ರೆ ಪಾತಾಳ. ಸುರಂಗ ಆದ್ರೆ ಹೊಗೆ ಯಾವ ಕಡೆ ತಳ್ಳಬೇಕು ಅಂತ ನೋಡಿ ಫ್ಯಾನ್ ಹಾಕೋರು ಕಂಟ್ರೋಲ್ ರೂಮಲ್ಲಿರ್ತಾರೆ, ಜನ ತಮಗೆ ತೋಚಿದ ಕಡೆ ಓಡಿದ್ರೆ ಹೊಗೆ ಒಳಕ್ಕೇ ಓಡಬಹುದು. 2000ದ ನವೆಂಬರಲ್ಲಿ ಆಸ್ಟ್ರಿಯಾದ ಕಾಪ್ರುನ್ ಊರಿನ ಬೆಟ್ಟದ ಸುರಂಗದಲ್ಲಿ ಬೆಂಕಿ ಬಿದ್ದಾಗ ಟ್ರೈನಿಂದ ಹೊರಗೆ ಬಂದವರಲ್ಲಿ ಬಹಳಷ್ಟು ಜನ ಮೇಲಕ್ಕೆ ಓಡಿದ್ರು, ಕಡಿದಾದ ಸುರಂಗ ಹೊಗೆಗೂಡಿನ ಥರ ಕೆಲಸ ಮಾಡ್ತು, ಹೊಗೆ ಅವರಿಗಿಂತ ವೇಗವಾಗಿ ಹತ್ತಿತು. ಒಟ್ಟು 155 ಸಾವು. ಆ ಟ್ರೈನಿಂದ ಬದುಕಿದ 12 ಜನ ಬೆಂಕಿ ಪಕ್ಕದಲ್ಲೇ ಕೆಳಕ್ಕೆ ಇಳಿದವರು. ಬೆಂಕಿ ಇರೋ ಕಡೆಗೇ ಹೋಗಿ ಅಂದ್ರೆ ಯಾರಿಗೆ ತಾನೇ ಮನಸ್ಸು ಬರತ್ತೆ ಹೇಳಿ.

ದೇಗುನಲ್ಲಿ ಆದದ್ದಕ್ಕೆ ಉತ್ತರ ಇಲ್ಲ ಅಂತಲ್ಲ. ಆ ಟ್ರೈನ್ ನಿಂತಿದ್ದು ಪ್ಲಾಟ್‌ಫಾರ್ಮಲ್ಲಿ, ಕ್ಲಾಪಮ್ ಕಾಮನ್‌ನಲ್ಲೂ ಅಷ್ಟೇ. ಪ್ಲಾಟ್‌ಫಾರ್ಮ್ ಕಡೆ ಬಾಗಿಲು ಯಾರು ಬೇಕಾದ್ರೂ ತೆಗೀಲಿ, ನನ್ನ ತಕರಾರಿಲ್ಲ. ತಕರಾರು ಇರೋದು ಎರಡು ಸ್ಟೇಷನ್ ಮಧ್ಯೆ. ಮಿಕವಾಶಿಮಾ ಆದ್ಮೇಲೆ ಜಪಾನಲ್ಲಿ ಡ್ರೈವರ್ ಸಿಗ್ನಲ್ ಗಮನಿಸದಿದ್ರೂ ಟ್ರೈನ್ ತಾನಾಗೇ ನಿಲ್ಲೋ ವ್ಯವಸ್ಥೆ ಹಾಕಿದ್ರು, ಸುತ್ತಮುತ್ತಲ ಟ್ರೈನ್‌ಗಳಿಗೆ ತಕ್ಷಣ ನಿಲ್ಲಿ ಅಂತ ತಿಳಿಸೋ ರೇಡಿಯೋನೂ ಬಂತು. ಕೆಂಪು ಹ್ಯಾಂಡಲ್ ಎಳೆದ ಕ್ಷಣಕ್ಕೆ ಪಕ್ಕದ ಲೈನ್ ನಿಂತು, ಥರ್ಡ್ ರೈಲ್ ಕರೆಂಟ್ ಹೋಗಿ, ಆಮೇಲೆ ಬಾಗಿಲು ಸಡಿಲ ಆಗೋ ಹಾಗೆ ಒಂದಕ್ಕೊಂದು ಜೋಡಿಸಿದ್ರೆ ನಾನೂ ಪರ ಬಣಕ್ಕೆ ಬರ್ತೀನಿ, ಅಲ್ಲಿವರೆಗೂ ಸುರಂಗದಲ್ಲಿ ಅದಕ್ಕೆ ಸೀಲ್ ಇರಲಿ.