ಮೊದಲನೇ ದಿನ ಯಾರೂ ಪೂರ್ತಿ ಹೇಳಲ್ಲ

ದಾವಣಗೆರೆಯಲ್ಲಿ ಒಂದು ಸಾಂತ್ವನ ಕೇಂದ್ರದಲ್ಲಿ ಏಳು ವರ್ಷ ಕೌನ್ಸೆಲಿಂಗ್ ಕೆಲಸ ಮಾಡಿದೀನಿ. ಅಲ್ಲಿ ನಾನು ಕಲಿತ ಒಂದೇ ಒಂದು ಪಾಠ ಅಂದ್ರೆ, ಮೊದಲನೇ ದಿನ ಯಾರೂ ಪೂರ್ತಿ ಹೇಳಲ್ಲ. ಜಗಳೂರು ಕಡೆಯಿಂದ ಒಬ್ಬಾಕೆ ಬರೋಳು. ಮೊದಲ ಸಲ ಬಂದಾಗ "ಮನೇಲಿ ಸ್ವಲ್ಪ ಕಿರಿಕಿರಿ ಐತೆ ಮೇಡಂ, ಒಂದ್ ಮಾತು ಬುದ್ಧಿ ಹೇಳ್ರಿ ಅವ್ರಿಗೆ" ಅಂದ್ಲು, ಅಷ್ಟೇ. ಮಾತಾಡ್ತಾ ಮಾತಾಡ್ತಾ ಕೈಲಿದ್ದ ಬಸ್ ಟಿಕೆಟ್ಟನ್ನ ಮಡಚಿ ಮಡಚಿ ಕಡ್ಲೆಕಾಳಿನಷ್ಟು ಮಾಡಿದ್ಲು. ಎರಡನೇ ಸಲ ಗಂಡ ಹೊಡಿತಾನೆ ಅಂದ್ಲು. ನಾಲ್ಕನೇ ಸಲ ಮಗಳನ್ನ ಹೊರಗಡೆ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದು, ನೆಲ ನೋಡ್ಕೊಂಡೇ ಮೈದುನನ ವಿಷಯ ಹೇಳಿದ್ಲು. ನಾವು ಕಂಪ್ಲೇಂಟ್ ಕೊಡೋಕೆ ಅಂತ ಒಂದು ಸ್ಟೇಷನ್‌ಗೆ ಕರ್ಕೊಂಡು ಹೋದ್ರೆ ಅಲ್ಲಿ ಬರ್ಕೊಳ್ಳೋರು ಕೇಳಿದ ಮೊದಲ ಪ್ರಶ್ನೆ, "ಇಷ್ಟ್ ದಿನ ಏನ್ ಮಾಡ್ತಿದ್ದೆ, ಆವಾಗ್ಲೇ ಯಾಕ್ ಹೇಳ್ಲಿಲ್ಲ?"

ಆ ಪ್ರಶ್ನೆ ನನ್ನ ತಲೇಲಿ ಇವತ್ತಿಗೂ ಕೂತಿದೆ. ಇತ್ತೀಚೆಗೆ ಬೇರೆ ದೇಶಗಳಲ್ಲಿ ಆಶ್ರಯ ಕೇಳೋ ಹೆಣ್ಣುಮಕ್ಕಳ ಬಗ್ಗೆ ಓದ್ತಾ ಓದ್ತಾ ಗೊತ್ತಾಯ್ತು, ಈ ಪ್ರಶ್ನೆ ನಮ್ಮ ಜಿಲ್ಲೆಯದ್ದು ಮಾತ್ರ ಅಲ್ಲ, ಇದು ಇಡೀ ಪ್ರಪಂಚದ ಪ್ರಶ್ನೆ ಅಂತ. ಊರು ಬಿಟ್ಟು, ಗಡಿ ದಾಟಿ, ದಾರೀಲಿ ಏನೇನೋ ಅನುಭವಿಸಿ ಬಂದ ಹೆಣ್ಣಿಗೆ ಇಂಟರ್ವ್ಯೂ ಅಂತ ಒಂದು ಕೋಣೇಲಿ ಕೂರಿಸ್ತಾರೆ, ಎದುರಿಗೆ ಪರಿಚಯವೇ ಇಲ್ಲದ ಅಧಿಕಾರಿ, ಪಕ್ಕದಲ್ಲಿ ಅವಳದ್ದೇ ಭಾಷೆಯ ಒಬ್ಬ ಗಂಡಸು ದುಭಾಷಿ, ಅವನು ಅವಳ ಊರ ಕಡೆಯವನೇ ಆಗಿದ್ರಂತೂ ಮುಗೀತು, ಅವನ ಎದುರು ಬಾಯಿ ಬಿಡ್ತಾಳಾ ಅವಳು? ಅತ್ಯಾಚಾರದ ವಿಷಯ ಆರು ತಿಂಗಳು ಬಿಟ್ಟು ಹೇಳಿದ್ರೆ "ಹೇಳಿಕೆ ಬದಲಾಯ್ತು" ಅಂತ ಬರ್ಕೊಂಡುಬಿಡ್ತಾರೆ. ತಾರೀಖು ಹೆಚ್ಚು ಕಡಿಮೆ ಆದ್ರೆ ಸುಳ್ಳಿ.

1951ರ ನಿರಾಶ್ರಿತರ ಒಪ್ಪಂದ ಅಂತ ಒಂದಿದೆ, ಇಡೀ ವ್ಯವಸ್ಥೆ ನಿಂತಿರೋದು ಅದರ ಮೇಲೆ. ಯಾವ ಕಾರಣಕ್ಕೆ ಹಿಂಸೆಯ ಭಯ ಇದ್ರೆ ನಿರಾಶ್ರಿತರು ಅನ್ನಿಸ್ಕೊಳ್ತಾರೆ ಅಂತ ಅದ್ರಲ್ಲಿ ಐದು ಕಾರಣ ಬರ್ದಿದಾರೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ. ಹೆಣ್ಣು ಅನ್ನೋ ಕಾರಣಕ್ಕೆ ಅಂತ ಅಲ್ಲಿ ಇಲ್ಲವೇ ಇಲ್ಲ. ಅದಕ್ಕೇ ವಕೀಲರು ಅವಳನ್ನ ಆ "ಸಾಮಾಜಿಕ ಗುಂಪು" ಅನ್ನೋದರೊಳಗೆ ಹೇಗಾದ್ರೂ ತೂರಿಸಬೇಕು, ಎಷ್ಟೋ ಕೇಸಲ್ಲಿ ಹೊಸದಾಗಿ.

ಫೌಜಿಯಾ ಕಸಿಂಜಾ ಅನ್ನೋ ಹುಡುಗಿ ಕಥೆ ಓದಿದ್ರೆ ಇದು ಅರ್ಥ ಆಗುತ್ತೆ. ಆಫ್ರಿಕಾದ ಟೋಗೋ ದೇಶದವಳು, ಹದಿನೇಳು ವರ್ಷ. ಅಪ್ಪ ಇರೋವರೆಗೂ ಅವಳನ್ನ ಓದಿಸ್ತಿದ್ದ, ಅಪ್ಪ ಸತ್ತ ಮೇಲೆ ಅತ್ತೆ (ಅಪ್ಪನ ಸೋದರಿ) ಮುಂದೆ ನಿಂತು, ಆಗ್ಲೇ ಮೂರು ಹೆಂಡ್ತಿ ಇದ್ದ 45ರ ಗಂಡಸಿಗೆ ಬಲವಂತವಾಗಿ ಮದುವೆ ಮಾಡಿಸಿದ್ಲು, ಗಂಡನ ಜೊತೆ ಸಂಸಾರ ಶುರು ಆಗೋಕೆ ಮುಂಚೆ ಅವರ ಪದ್ಧತಿ ಪ್ರಕಾರ ಗುಪ್ತಾಂಗ ಕತ್ತರಿಸಬೇಕು ಅಂತ. ಹುಡುಗಿ ತಪ್ಪಿಸ್ಕೊಂಡು 1994ರ ಡಿಸೆಂಬರ್‌ನಲ್ಲಿ ಅಮೆರಿಕದ ನೆವಾರ್ಕ್ ಏರ್‌ಪೋರ್ಟ್‌ನಲ್ಲಿ ಇಳಿದು, ಆಶ್ರಯ ಕೊಡಿ ಅಂತ ಅವಳಾಗೇ ಕೇಳಿದ್ಲು. ಕೊಟ್ಟಿದ್ದೇನು? ಬಟ್ಟೆ ಬಿಚ್ಚಿಸಿ ತಪಾಸಣೆ, ಸಂಕೋಲೆ, ಅಪರಾಧಿಗಳ ಜೊತೆ ಜೈಲು, ಹದಿನಾರು ತಿಂಗಳು. 1995ರಲ್ಲಿ ಒಬ್ಬ ಜಡ್ಜ್ ಇವಳ ಮಾತು ನಂಬೋ ಹಾಗಿಲ್ಲ ಅಂತ ಅರ್ಜಿ ತಳ್ಳಿಹಾಕಿದ್ರು. ಕೊನೆಗೆ 1996ರ ಜೂನ್‌ನಲ್ಲಿ ಮೇಲ್ಮನವಿ ಮಂಡಳಿ ಆಶ್ರಯ ಕೊಟ್ಟಿತು, ಆಮೇಲೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಆ ತೀರ್ಪು ದಾರಿ ಆಯ್ತು. ಆದ್ರೆ ಆ ತೀರ್ಪಿನ ಮೇಲೆ ಅವಳ ಹೆಸರು "ಕಸಿಂಗಾ" ಅಂತಿದೆ, ಯಾಕಂದ್ರೆ ಬಂದ ದಿನವೇ ಅಧಿಕಾರಿಗಳು ಹೆಸರನ್ನ ತಪ್ಪು ಬರ್ಕೊಂಡಿದ್ರು. ಅವಳು ಒಂದು ತಾರೀಖು ತಪ್ಪು ಹೇಳಿದ್ರೆ ಸುಳ್ಳಿ, ಇವರು ಅವಳ ಹೆಸರನ್ನೇ ತಪ್ಪು ಬರೆದ್ರೆ ಅದು ದಾಖಲೆ. ಇದನ್ನ ಬರೀವಾಗ ನನಗೆ ಇವತ್ತೂ ಹೊಟ್ಟೆ ಉರಿಯುತ್ತೆ.

ಬಣ್ಣದ ವಿಷಯ ಇದರಿಂದ ಬೇರೆ ಅಲ್ಲ. ಯಾರನ್ನ ನಂಬಬೇಕು ಅನ್ನೋದನ್ನ ಚರ್ಮ ನೋಡಿ ತೀರ್ಮಾನ ಮಾಡ್ತಾರೆ. ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಲ್ಲಿ ನರ್ಸು. 2024ರ ಜುಲೈ ಕೊನೇಲಿ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹೆಣ್ಣುಮಕ್ಕಳ ಕೊಲೆ ಆಯ್ತಲ್ಲ, ಕೊಂದವನು ಆಶ್ರಯ ಕೇಳಿ ಬಂದವನು ಅಂತ ಸುಳ್ಳು ಸುದ್ದಿ ಹಬ್ಬಿತು, ಅವನು ಬ್ರಿಟನ್ನಲ್ಲೇ ಹುಟ್ಟಿದವನು. ಆಗಸ್ಟ್ 4ಕ್ಕೆ ರಾದರ್‌ಹ್ಯಾಮ್ ಹತ್ರ, ಆಶ್ರಯ ಕೇಳಿದವರನ್ನ ಇಟ್ಟಿದ್ದ ಹೋಟೆಲ್‌ಗೆ ಜನ ನುಗ್ಗಿ ಬೆಂಕಿ ಹಚ್ಚೋಕೆ ನೋಡಿದ್ರು, ಜನ ಒಳಗಿರುವಾಗಲೇ. ಆ ವಾರ ನಮ್ಮ ಹುಡುಗಿ ಫೋನ್ ಮಾಡಿ "ಅಕ್ಕಾ, ನೈಟ್ ಶಿಫ್ಟ್ ಮುಗಿಸಿ ಬಸ್ಸಿಗೆ ನಿಲ್ಲೋಕೆ ಭಯ ಆಗ್ತಿದೆ" ಅಂದ್ಲು. ಅವಳ ಹತ್ರ ವೀಸಾ ಇದೆ, ಸಂಬಳ ಇದೆ, ಹಿಂದೆ ನಾವಿದೀವಿ. ಆ ಹೋಟೆಲ್ ಕಿಟಕಿಯಿಂದ ಕೆಳಗೆ ನೋಡ್ತಿದ್ದವರಿಗೆ ಯಾರಿದ್ರು? ತಮಾಷೆ ಅಂದ್ರೆ ಅಂತ ಕೂಡ ಹೇಳೋಕಾಗಲ್ಲ ಇದನ್ನ, "ನಮ್ಮ ಹೆಣ್ಣುಮಕ್ಕಳನ್ನ ಕಾಪಾಡ್ತೀವಿ" ಅಂತ ಕೂಗ್ತಾ ಹೋಗಿದ್ದು ಇನ್ನೊಬ್ಬರ ಹೆಣ್ಣುಮಕ್ಕಳಿದ್ದ ಕಟ್ಟಡಗಳಿಗೆ ಬೆಂಕಿ ಇಡೋಕೆ.

ನಾವೇನೂ ಕಮ್ಮಿ ಇಲ್ಲ, ಇದನ್ನೂ ಹೇಳಲೇಬೇಕು. 2016ರ ಜನವರಿ 31, ಬೆಂಗಳೂರಿನ ಹೆಸರಘಟ್ಟ ರಸ್ತೆ. ಸೂಡಾನ್ ದೇಶದ ಒಬ್ಬನ ಕಾರು ಒಬ್ಬ ಹೆಣ್ಣುಮಗಳ ಮೇಲೆ ಹರಿದು ಆಕೆ ಸತ್ತುಹೋದ್ರು. ಅರ್ಧ ಗಂಟೆ ಬಿಟ್ಟು ಅದೇ ದಾರೀಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಗೂ ಆ ಆಕ್ಸಿಡೆಂಟಿಗೂ ಏನೂ ಸಂಬಂಧ ಇಲ್ಲ, ಕಪ್ಪಗಿದ್ಲು ಅಷ್ಟೇ. ಗುಂಪು ಅವಳನ್ನ ಹೊಡೆದು ಮೈಮೇಲಿನ ಬಟ್ಟೆ ಎಳೆದು ಹರಿದರು. ಗಂಡಸು ತಪ್ಪು ಮಾಡಿದ್ರೂ ಶಿಕ್ಷೆ ಹೆಣ್ಣಿನ ಮೈಗೆ, ಇದು ನಮಗೆ ಗೊತ್ತಿಲ್ಲದ ಪದ್ಧತಿಯಾ?

ಇನ್ನು ಕಾನೂನು. ಭಾರತ ಆ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆಮೇಲೆ ಅದಕ್ಕೆ ಸೇರಿಸಿದ 1967ರ ಪ್ರೋಟೋಕಾಲ್‌ಗೂ ಇಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾಯ್ದೆನೂ ಇಲ್ಲ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಿಂದ ಬಂದ ಹೆಂಗಸರಿಗೆ ವಿಶ್ವಸಂಸ್ಥೆಯವರು ಒಂದು ಕಾರ್ಡ್ ಕೊಡ್ತಾರೆ, ಅದು ವೀಸಾ ಅಲ್ಲ. ಕಾರ್ಡ್ ಇಟ್ಕೊಂಡು ಬಾಡಿಗೆ ಮನೆ ಹುಡುಕಬೇಕು, ಸಿಕ್ಕಿದ ಕೂಲಿ ಮಾಡಬೇಕು. ಮನೆ ಓನರ್ ಕೈ ಹಾಕಿದ್ರೆ, ಮೇಸ್ತ್ರಿ ಕೈ ಹಾಕಿದ್ರೆ ಸ್ಟೇಷನ್‌ಗೆ ಹೋಗೋ ಧೈರ್ಯ ಎಲ್ಲಿಂದ ಬರಬೇಕು, ಅಲ್ಲಿ ಮೊದಲು ಅವಳ ಪೇಪರ್ರೇ ಕೇಳ್ತಾರಲ್ಲ. ಹಾಗಂತ ಇಲ್ಲಿ ಅವಳಿಗೆ ಹಕ್ಕೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 1998ರಲ್ಲಿ ಹೌರಾ ಸ್ಟೇಷನ್ನಿನ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಒಬ್ಬ ಹೆಣ್ಣುಮಗಳ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು, ರೈಲ್ವೆ ನೌಕರರೂ ಅದರಲ್ಲಿದ್ರು. ಆಕೆ ಆಶ್ರಯ ಕೇಳಿ ಬಂದವರಲ್ಲ, ಅಜ್ಮೀರಕ್ಕೆ ಹೊರಟಿದ್ದವರು. ಆಕೆ ವಿದೇಶಿ, ಪರಿಹಾರ ಕೊಡಬೇಕಿಲ್ಲ ಅಂತ ರೈಲ್ವೆ ಸುಪ್ರೀಂ ಕೋರ್ಟ್‌ವರೆಗೂ ವಾದ ಮಾಡ್ತು. 2000ದಲ್ಲಿ ಕೋರ್ಟ್ ಆ ವಾದ ತಳ್ಳಿಹಾಕಿ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ನಾಗರಿಕರಿಗೆ ಮಾತ್ರ ಅಲ್ಲ, ಈ ನೆಲದ ಮೇಲಿರೋ ಎಲ್ಲರದ್ದೂ ಅಂತ ಹೇಳಿ ಹತ್ತು ಲಕ್ಷ ಪರಿಹಾರ ಎತ್ತಿಹಿಡೀತು. ಪೊಲೀಸ್ ಟ್ರೈನಿಂಗಲ್ಲಿ ಈ ಒಂದು ತೀರ್ಪನ್ನಾದ್ರೂ ಬಾಯಿಪಾಠ ಮಾಡಿಸಬೇಕು ಅಂತ ನನಗನ್ಸುತ್ತೆ.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಳ್ಳೇ ಹೆಸರೂ ಇದೆ. ಚಿತ್ರದುರ್ಗದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗಲೇ, 1966ರಲ್ಲಿ, ಮುಂಡಗೋಡದಲ್ಲಿ ಟಿಬೆಟಿಯನ್ನರಿಗೆ ನೆಲೆ ಸಿಕ್ಕಿದ್ದು. ಸೀಬಾರದಲ್ಲಿ ಅವರ ಸಮಾಧಿ ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತೆ. ಆ ಮುಂಡಗೋಡದಿಂದಲೇ ಒಬ್ಬಾಕೆ ಚಳಿಗಾಲದಲ್ಲಿ ನಮ್ಮೂರಿಗೆ ಸ್ವೆಟರ್ ಮಾರೋಕೆ ಬರ್ತಾಳೆ, ಅಜ್ಜಿ ಬೆಟ್ಟ ದಾಟಿ ಬಂದವರಂತೆ, ಇವಳು ಹುಟ್ಟಿದ್ದು ಬೆಳೆದಿದ್ದು ಇಲ್ಲೇ, ನಮಗಿಂತ ಚಂದ ಕನ್ನಡ. ಹೋದ ಡಿಸೆಂಬರ್‌ನಲ್ಲಿ ನಾನು ಅಲ್ಲೇ ಮಗನಿಗೆ ಸೈಜು ನೋಡ್ತಿದ್ದೆ. ಇಬ್ಬರು ಹುಡುಗರು ಬೈಕಿಂದ ಇಳೀದೇನೇ "ಏ ನೇಪಾಳಿ, ರೇಟ್ ಎಷ್ಟು?" ಅಂತ ಕೇಳಿ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವರು ಸ್ವೆಟರ್ ರೇಟ್ ಕೇಳ್ತಿಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಒಂದು ನೀಲಿ ಸ್ವೆಟರ್ ಎತ್ತಿ ಹಿಡಿದು, "ಆರುನೂರೈವತ್ತು ರೂಪಾಯಿ, ಸೈಜ್ ಯಾವ್ದು ಬೇಕು?" ಅಂದ್ಲು, ಅಷ್ಟೇ ಶಾಂತವಾಗಿ. ನಾನು ಜೋರು ಮಾಡಿದ್ಮೇಲೆ ಅವರು ಹೋದ್ರು.

ಸ್ಟೇಷನ್‌ಗೆ ಹೋಗೋಣ ಬಾ, ನಾನಿದೀನಿ ಅಂದೆ. ಅವಳು ದುಡ್ಡಿನ ಡಬ್ಬಿ ತೆಗೆದು, ಕೆಳಗೆ ಇಟ್ಟಿದ್ದ ಆರ್‌ಸಿ (ಟಿಬೆಟಿಯನ್ನರಿಗೆ ಸರ್ಕಾರ ಕೊಡೋ ನೋಂದಣಿ ಪತ್ರ) ಜೆರಾಕ್ಸ್ ತೋರಿಸಿದ್ಲು, ಲ್ಯಾಮಿನೇಷನ್ ಅಂಚು ಎದ್ದುಹೋಗಿತ್ತು. "ಮೊದ್ಲು ಇದನ್ನೇ ಕೇಳ್ತಾರೆ ಅಕ್ಕಾ" ಅಂದ್ಲು. ಆಮೇಲೆ ಇಟ್ಟಿಗೆ ಮೇಲೆ ಕೂತ್ಕೊಂಡು, ಬೇರೆ ಊರಲ್ಲಿ ಅಂಗಡಿ ಹಾಕಿದ್ದಾಗ ಒಬ್ಬ ರಾತ್ರಿ ಟೆಂಟಿನೊಳಗೆ ಬಂದಿದ್ದನ್ನ ಹೇಳೋಕೆ ಶುರು ಮಾಡಿದ್ಲು. ನಾನು ಅವಳ ಹತ್ರ ಸ್ವೆಟರ್ ತಗೊಳ್ತಿರೋದು ಅದು ಮೂರನೇ ವರ್ಷ.