ಮಿನುಗುವ ಪಿಶಾಚಿಯೂ ಮುರಿದ ಮೂಗುಗಳೂ

ನನ್ನ ಕಪಾಟಿನಲ್ಲಿ ಕಂದುಬಣ್ಣದ ಕಾಗದದ ಬೈಂಡ್ ಹಾಕಿರುವ ಪುಸ್ತಕ ಒಂದೇ ಒಂದು. ಅದರ ಅಕ್ಕಪಕ್ಕದಲ್ಲಿ, ಮುನ್ನೂರು ಪುಟಗಳೊಳಗೆ ಏಳೆಂಟು ಹೆಣ ಉರುಳಿಸುವ ಪತ್ತೇದಾರಿ ಕಾದಂಬರಿಗಳು ಚೂರಿ, ರಕ್ತದ ಕಲೆಗಳ ಮುಖಪುಟಗಳನ್ನು ಯಾವ ಸಂಕೋಚವೂ ಇಲ್ಲದೆ ತೋರಿಸಿಕೊಂಡು ನಿಂತಿವೆ. ಬೈಂಡಿನೊಳಗೆ ಅಡಗಿರುವುದಾದರೋ ಎರಡು ಬಿಳಿಚಿದ ಕೈಗಳು ಕೆಂಪು ಸೇಬೊಂದನ್ನು ಮುಂದೆ ಚಾಚಿರುವ ಚಿತ್ರ. ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಅದು. ರೈಲಿನಲ್ಲಿ ನಾಲ್ಕು ಜನರೆದುರು ಓದಬೇಕಾಗಿ ಬಂದಾಗ ಅದಕ್ಕೆ ಮುಸುಕು ಹೊದಿಸಿದವನು ನಾನೇ. ಕೊಲೆಗಳನ್ನು ಓದಲು ನಾಚದವನು ಹದಿಹರೆಯದ ಪ್ರೇಮವನ್ನು ಓದಲು ಏಕೆ ನಾಚಿದೆನೆಂದು ಆಮೇಲೆ ಕೇಳಿಕೊಂಡಾಗ, ಈ ಬಗೆಯ ಕಾದಂಬರಿಗಳ ಮೇಲೆ ಸುರಿದ ಬೈಗುಳದ ಮಳೆಯಲ್ಲಿ ನನ್ನದೂ ನಾಲ್ಕು ಹನಿಯಿದೆಯೆಂದು ಹೊಳೆಯಿತು.

ಕಥೆ ಬಹುಮಂದಿಗೆ ಗೊತ್ತಿರುವುದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸದಾ ಮಳೆ ಹಿಡಿದಿರುವ ಫೋರ್ಕ್ಸ್ ಎಂಬ ಚಿಕ್ಕ ಊರಿಗೆ ತಂದೆಯ ಬಳಿ ಇರಲೆಂದು ಬರುವ ಹದಿನೇಳರ ಬೆಲ್ಲಾ, ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಎಡ್ವರ್ಡ್‌ನನ್ನು ಪ್ರೀತಿಸುತ್ತಾಳೆ. ಅವನಿಗೂ ಹದಿನೇಳೇ; ಆದರೆ 1918ರ ಇನ್‌ಫ್ಲುಯೆಂಜಾದಲ್ಲಿ ಸಾಯಬೇಕಾಗಿದ್ದವನು ವ್ಯಾಂಪೈರ್ ಎಂಬ ರಕ್ತಪಿಶಾಚಿಯಾಗಿ ಉಳಿದುಕೊಂಡದ್ದರಿಂದ ಆ ಹದಿನೇಳು ಇನ್ನೂ ಮುಗಿದಿಲ್ಲ. ಮನುಷ್ಯರ ರಕ್ತವನ್ನು ತೊರೆದು ಕಾಡುಪ್ರಾಣಿಗಳ ರಕ್ತದಲ್ಲಿ ತೃಪ್ತಿಪಡುವ ಪಥ್ಯದ ಮನೆತನ ಅವನದು. ಅವಳ ರಕ್ತದ ವಾಸನೆಗೆ ಬಾಯಿ ನೀರೂರಿದರೂ ಅವಳ ಮೇಲಿನ ಪ್ರೀತಿಗಾಗಿ ಅವನು ಬಾಯಿ ಕಟ್ಟುತ್ತಾನೆ. 2005ರಿಂದ 2008ರೊಳಗೆ ಬಂದ ಇದರ ನಾಲ್ಕು ಭಾಗಗಳು ಒಟ್ಟು ಹತ್ತು ಕೋಟಿಗೂ ಮಿಕ್ಕಿ ಪ್ರತಿಗಳಷ್ಟು ಮಾರಾಟವಾದವು. ಪ್ರತಿಗಳು ಹೋದಲ್ಲೆಲ್ಲ ಮೂಗುಗಳೂ ಮುರಿದವು.

ಎಲ್ಲಕ್ಕಿಂತ ಜೋರಾಗಿ ಮೂಗು ಮುರಿಸಿದ್ದು, ಬಿಸಿಲಿಗೆ ಬಂದ ಎಡ್ವರ್ಡ್‌ನ ಮೈ ವಜ್ರದ ಪುಡಿ ಮೆತ್ತಿದಂತೆ ಮಿನುಗುತ್ತದೆ ಎಂಬ ಪ್ರಸಂಗ. ನಿಜವಾದ ರಕ್ತಪಿಶಾಚಿಯಾದರೆ ಬಿಸಿಲು ತಾಗಿದೊಡನೆ ಸುಟ್ಟು ಬೂದಿಯಾಗಬೇಕಿತ್ತು, ಇವನೇಕೆ ಆಭರಣದಂಗಡಿಯ ಗಾಜಿನ ಪೆಟ್ಟಿಗೆಯಂತೆ ಹೊಳೆಯುತ್ತಾನೆ ಎಂದು ಗಂಭೀರ ಓದುಗರೇ ಕೆರಳಿದರು. ಇಲ್ಲದ ಪ್ರಾಣಿಯ ವಿಷಯದಲ್ಲಿ ‘ನಿಜವಾದ’ ಎಂಬ ಪದವನ್ನು ಬಳಸುವವರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಅವರು ಎತ್ತಿಹಿಡಿಯುವ ಸಂಪ್ರದಾಯ ಅಷ್ಟೇನೂ ಹಳೆಯದಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ ಕಾದಂಬರಿಯ ಪಿಶಾಚಿ ಕೌಂಟ್ ಡ್ರಾಕುಲಾ ಬಿಸಿಲಿಗೆ ಬೂದಿಯಾಗುವುದಿಲ್ಲ, ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಲಂಡನ್ನಿನ ಪಿಕಡಿಲಿಯಲ್ಲಿ ಹಾಡುಹಗಲೇ ನಿಂತು, ಗಾಡಿಯಲ್ಲಿ ಕುಳಿತ ಚೆಲುವೆಯೊಬ್ಬಳನ್ನು ಎವೆಯಿಕ್ಕದೆ ನೋಡುವ ದೃಶ್ಯವೊಂದು ಆ ಕಾದಂಬರಿಯಲ್ಲೇ ಇದೆ. ಸೂರ್ಯನ ಬೆಳಕು ಇವರನ್ನು ಕೊಲ್ಲುತ್ತದೆ ಎಂಬ ಕಟ್ಟಳೆಯನ್ನು ಜನಪ್ರಿಯಗೊಳಿಸಿದ್ದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿಚಿತ್ರ. ಇನ್ನೂ ಹಿಂದಕ್ಕೆ ಹೋದರೆ, ಪೂರ್ವ ಯುರೋಪಿನ ಹಳ್ಳಿಗಳ ನಂಬಿಕೆಯಲ್ಲಿದ್ದ ಪಿಶಾಚಿ ಸುಂದರನೂ ಅಲ್ಲ, ಶ್ರೀಮಂತನೂ ಅಲ್ಲ. ಊದಿಕೊಂಡ ಮೈಯ, ಹೆಣದ ಬಟ್ಟೆ ಸುತ್ತಿಕೊಂಡ ಬಡ ರೈತ. ಅವನಿಗೆ ಒಳ್ಳೆಯ ಉಡುಪು ತೊಡಿಸಿ ಮೇಲ್ವರ್ಗದ ಔತಣಕೂಟಗಳಿಗೆ ಕರೆತಂದವನು ಇಂಗ್ಲಿಷ್ ಲೇಖಕ ಜಾನ್ ಪಾಲಿಡೋರಿ, 1819ರ ತನ್ನ ಕಥೆಯಲ್ಲಿ. ಹೆಣದ ಬಟ್ಟೆಯಿಂದ ರೇಷ್ಮೆಗೆ ಬಡ್ತಿ ಪಡೆದವನು ಇನ್ನಿಷ್ಟು ವರ್ಷ ಕಳೆದು ಮಿನುಗಿದರೆ ಅದನ್ನು ಧರ್ಮಭ್ರಷ್ಟತೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನೀತಿಯ ಕಡೆಯಿಂದ ಬಂದ ಆಕ್ಷೇಪಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದನ್ನೊಂದು ಗುದ್ದಿಕೊಂಡು ಬೀಳುತ್ತವೆ. ಗ್ರಂಥಾಲಯಗಳಿಂದ ತೆಗೆಸಬೇಕೆಂದು ಅತಿ ಹೆಚ್ಚು ದೂರು ಬಂದ ಹತ್ತು ಶೀರ್ಷಿಕೆಗಳ ಪಟ್ಟಿಯನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ವರ್ಷವರ್ಷವೂ ಪ್ರಕಟಿಸುತ್ತದೆ. 2009 ಮತ್ತು 2010ರ ಪಟ್ಟಿಗಳಲ್ಲಿ ಈ ಮಾಲೆ ಇತ್ತು, ಮತ್ತು ದೂರುಗಳಲ್ಲಿ ಅತಿಯಾದ ಲೈಂಗಿಕತೆಯೂ ಒಂದು. ಅದೇ ಹೊತ್ತಿನಲ್ಲಿ ಬೇರೆ ಕೆಲವರು, ಮದುವೆಯ ತನಕ ಮುತ್ತಿನಾಚೆಗೆ ಹೆಜ್ಜೆಯಿಡದ ಈ ಜೋಡಿ ಹುಡುಗಿಯರಿಗೆ ಬ್ರಹ್ಮಚರ್ಯದ ಬೋಧನೆ ಮಾಡುತ್ತಿದೆಯೆಂದು ದೂರುತ್ತಿದ್ದರು. ನಾಯಕ ನಾಯಕಿಯರು ಮದುವೆಯಾಗುವುದು ನಾಲ್ಕನೆಯ ಭಾಗದಲ್ಲಿ. ಒಂದೇ ಪುಸ್ತಕ ಒಬ್ಬರಿಗೆ ಕೆಂಡವಾಗಿಯೂ ಇನ್ನೊಬ್ಬರಿಗೆ ಮಂಜುಗಡ್ಡೆಯಾಗಿಯೂ ತಾಗಬೇಕಾದರೆ, ಕೈ ಚಾಚುವ ಮುಂಚೆಯೇ ಅವರವರು ಏನನ್ನು ಮುಟ್ಟಬೇಕೆಂದು ನಿಶ್ಚಯಿಸಿಕೊಂಡಿದ್ದರೆಂದೇ ಅರ್ಥ.

ಹಾಗೆಂದು ಟೀಕೆಗಳೆಲ್ಲ ಪೊಳ್ಳೆಂದು ಹೇಳಲು ನಾನು ಸಿದ್ಧನಿಲ್ಲ. ಎಡ್ವರ್ಡ್ ರಾತ್ರಿಯ ಹೊತ್ತು ಬೆಲ್ಲಾಳ ಕೋಣೆಯನ್ನು ಹೊಕ್ಕು, ಅವಳಿಗೆ ಗೊತ್ತಿಲ್ಲದಂತೆ ಅವಳ ನಿದ್ದೆಯನ್ನು ನೋಡುತ್ತ ಕೂರುತ್ತಾನೆ. ಮೂರನೆಯ ಭಾಗದಲ್ಲಿ, ಅವಳು ತನ್ನ ಗೆಳೆಯ ಜೇಕಬ್‌ನನ್ನು ನೋಡಲು ಹೋಗಬಾರದೆಂದು ಅವಳ ಟ್ರಕ್ಕಿನ ಎಂಜಿನ್ನಿನ ಭಾಗವೊಂದನ್ನೇ ಕಳಚಿಡುತ್ತಾನೆ. ಕಾದಂಬರಿ ಇದನ್ನೆಲ್ಲ ಕಾಳಜಿಯ ಲೆಕ್ಕಕ್ಕೆ ಬರೆಯುತ್ತದೆ. ಕಾವಲಿಗೂ ಕಾಳಜಿಗೂ ನಡುವಿನ ಗೆರೆ ಹೀಗೆ ಅಳಿಸಿಹೋಗುವುದು ನನಗೂ ಕಸಿವಿಸಿಯಾಯಿತು. ಜೇಕಬ್‌ನ ಜನರಾದ ಕ್ವಿಲ್ಯೂಟ್ ಬುಡಕಟ್ಟಿನವರು ಕಾಲ್ಪನಿಕರಲ್ಲ. ಫೋರ್ಕ್ಸಿನ ಹತ್ತಿರದ ಲಾ ಪುಷ್‌ನಲ್ಲಿ ಇಂದಿಗೂ ಇದ್ದಾರೆ. ತೋಳಗಳಿಂದ ರೂಪಾಂತರಗೊಂಡು ಬಂದವರು ತಾವೆಂಬ ಅವರ ಮೂಲಕಥೆಯನ್ನು, ಅವರನ್ನು ಒಂದು ಮಾತೂ ಕೇಳದೆ, ವ್ಯಾಂಪೈರ್‌ಗಳ ಬದ್ಧವೈರಿಗಳ ಕಥೆಯಾಗಿ ತಿರುಚಿದ್ದಾಯಿತು, ಅದರ ಹೆಸರಿನಲ್ಲಿ ಸರಕುಗಳೂ ಮಾರಾಟವಾದವು. ಅವರ ತೋಳಗಳ ನಿಜವಾದ ಕಥೆಯನ್ನು ಹೇಳಲೆಂದೇ 2010ರಲ್ಲಿ ಸಿಯಾಟಲ್ ಕಲಾ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಬೇಕಾಯಿತು. ‘ನಿಜವಾದ’ ಎಂಬ ಪದಕ್ಕೆ ತೂಕ ಬರುವುದು ಇಲ್ಲಿ, ಮಿನುಗಿನ ಜಗಳದಲ್ಲಲ್ಲ. ಆದರೆ ಈ ಮಾತಿಗೆ ಆ ಜಗಳದ ಕಾಲು ಭಾಗದಷ್ಟೂ ಸದ್ದಿರಲಿಲ್ಲ.

ಭಾಷೆಯ ವಿಷಯದಲ್ಲಿ ನಾನು ವಾದಿಸಲಾರೆ. ಸ್ವತಃ ವ್ಯಾಂಪೈರ್ ಕಾದಂಬರಿ ಬರೆದಿದ್ದ ಸ್ಟೀಫನ್ ಕಿಂಗ್ 2009ರಲ್ಲಿ ಮೇಯರ್ ಅವರ ಬರವಣಿಗೆ ಚೆನ್ನಾಗಿಲ್ಲವೆಂದು ಮುಲಾಜಿಲ್ಲದೆ ಹೇಳಿದ್ದ. ನಾಯಕನ ಸೌಂದರ್ಯದ ಹೊಗಳಿಕೆಯನ್ನು ಪುಟಪುಟಕ್ಕೂ ಕೇಳಬೇಕಾದ ಓದುಗನಿಗೆ, ಎರಡನೆಯ ಭಾಗದಲ್ಲಿ ಅವನು ಬಿಟ್ಟುಹೋದಾಗ ಬರುವ, ತಿಂಗಳುಗಳ ಹೆಸರನ್ನಷ್ಟೇ ಹೊತ್ತ ಖಾಲಿ ಪುಟಗಳೇ ಹೆಚ್ಚು ಮಾತಾಡುತ್ತವೆ. ದುಃಖವನ್ನು ಬರೆಯದೆ ಬಿಡಬೇಕೆಂದು ಲೇಖಕಿಗೆ ತೋಚಿತಲ್ಲ, ಅದಕ್ಕಾದರೂ ಒಂದಿಷ್ಟು ಅಂಕ ಕೊಡಬಹುದಿತ್ತು.

ಆದರೆ ಕೆಟ್ಟ ಗದ್ಯಕ್ಕೆ ಜಗತ್ತಿನಲ್ಲಿ ಎಂದೂ ಬರವಿಲ್ಲ, ಮತ್ತು ಅದರಲ್ಲಿ ಬಹುಪಾಲನ್ನು ಯಾರೂ ಬೈಯುವ ಗೋಜಿಗೆ ಹೋಗುವುದಿಲ್ಲ. ಮೂವತ್ತು ಜನ ಒಟ್ಟಿಗೆ ಗುಂಡು ಹಾರಿಸಿದರೂ ಕಾಲರ್ ಮಡಿಕೆ ಕೆಡದಂತೆ ಓಡಿ ಪಾರಾಗುವ ಗೂಢಚಾರನ ಕಥೆ ಎಡ್ವರ್ಡ್‌ನ ಮಿನುಗಿಗಿಂತ ಯಾವ ವಿಧದಲ್ಲೂ ನಂಬಲರ್ಹವಲ್ಲ. ಆ ಕಥೆಯ ವಾಕ್ಯಗಳೂ ಹೆಚ್ಚೇನೂ ಚೆಂದವಿರುವುದಿಲ್ಲ. ಅದನ್ನು ಓದುವ ಗಂಡಸನ್ನು ನೋಡಿ ‘ಪಾಪ, ದಣಿದಿದ್ದಾನೆ, ಮನಸ್ಸು ಹಗುರ ಮಾಡಿಕೊಳ್ಳಲಿ’ ಎನ್ನುತ್ತೇವೆ. ಹದಿನಾರರ ಹುಡುಗಿ ‘ಟ್ವೈಲೈಟ್’ ಓದಿದರೆ ಮಾತ್ರ ಅವಳ ಬುದ್ಧಿ, ಭವಿಷ್ಯ, ಮುಂದೊಂದು ದಿನ ಅವಳು ಆರಿಸಿಕೊಳ್ಳಲಿರುವ ಗಂಡ, ಎಲ್ಲವೂ ಸಮಾಜದ ಚಿಂತೆಗೆ ಒಳಗಾಗುತ್ತವೆ. ಬೈಗುಳ ಪುಸ್ತಕದ ವಿಳಾಸಕ್ಕೆ ಹೊರಟರೂ ಬಟವಾಡೆಯಾಗುವುದು ಓದುವವಳ ಕೈಗೆ.

ಇದೂ ಹಳೆಯ ರೂಢಿಯೇ. ಜೇನ್ ಆಸ್ಟನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ, ಹೊರಬಂದ ‘ನಾರ್ತ್ಯಾಂಗರ್ ಆ್ಯಬಿ’ಯಲ್ಲಿ, ಏನು ಓದುತ್ತಿದ್ದೀಯೆಂದು ಕೇಳಿದಾಗ ‘ಅಯ್ಯೋ, ಬರೀ ಒಂದು ಕಾದಂಬರಿ’ ಎಂದು ನಾಚಿ ಪುಸ್ತಕವನ್ನು ಬದಿಗಿಡುವ ತರುಣಿಯ ಮಾತು ಬರುತ್ತದೆ. ಅವಳು ನಾಚಬೇಕಾಗಿಲ್ಲವೆಂದು ಆಸ್ಟನ್ ಅಲ್ಲಿ ಕಥೆಯನ್ನೇ ನಿಲ್ಲಿಸಿ ವಾದಿಸುತ್ತಾಳೆ. ಅದನ್ನು ಓದಿದಾಗ ನನಗೆ ರೈಲು ನೆನಪಾಯಿತು. ಇನ್ನೂರು ವರ್ಷಗಳಲ್ಲಿ ನಾಚಿಕೆ ತರುಣಿಯಿಂದ ನಡುವಯಸ್ಸಿನ ಗಂಡಸಿಗೆ ಹಸ್ತಾಂತರವಾಗಿದೆ, ಜೊತೆಗೆ ಕಂದು ಕಾಗದವೊಂದು ಸೇರಿಕೊಂಡಿದೆ.

ಬೆಲ್ಲಾ ಸದಾ ಯಾರಾದರೂ ಬಂದು ಕಾಪಾಡಬೇಕಾದ ಅಬಲೆ ಎಂಬ ಟೀಕೆ ಲೇಖಕಿಯನ್ನು ಬಹಳ ಕಾಡಿರಬೇಕು. ಅವಳ ಕಷ್ಟ ಹೆಣ್ಣಾದದ್ದರಿಂದ ಬಂದದ್ದಲ್ಲ, ಅತಿಮಾನುಷರ ನಡುವೆ ಸಿಕ್ಕಿಬಿದ್ದ ಬರೀ ಮನುಷ್ಯಳಾದದ್ದರಿಂದ ಬಂದದ್ದು ಎಂದು ತೋರಿಸಲು, ಹತ್ತನೆಯ ವರ್ಷದ ನೆಪದಲ್ಲಿ 2015ರಲ್ಲಿ ಆಕೆ ಹುಡುಗ ಹುಡುಗಿಯರ ಸ್ಥಾನಗಳನ್ನು ಅದಲುಬದಲು ಮಾಡಿ ಮೊದಲ ಭಾಗದ ಕಥೆಯನ್ನು ಮತ್ತೊಮ್ಮೆ ಬರೆದರು. ಟೀಕೆಗೆ ಉತ್ತರವಾಗಿ ಇನ್ನೊಂದು ಕಾದಂಬರಿಯನ್ನೇ ಬರೆಯುವ ಶ್ರದ್ಧೆ ಎಷ್ಟು ಗಂಭೀರ ಸಾಹಿತಿಗಳಿಗಿದೆಯೋ ಕಾಣೆ.

ಇಷ್ಟೆಲ್ಲ ಚಿಂತೆಗೆ ಕಾರಣಳಾದ ಓದುವವಳನ್ನು ನಾನು ಒಮ್ಮೆ ವಿಚಾರಿಸಿಯೂ ನೋಡಿದ್ದೇನೆ. ಅಕ್ಕನ ಮಗಳು ಆಗ ಹತ್ತನೆಯ ತರಗತಿಯಲ್ಲಿದ್ದಳು. ನಾಲ್ಕೂ ಭಾಗಗಳನ್ನು ಎರಡೆರಡು ಸಲ ಓದಿ ಮುಗಿಸಿದ್ದಳು. ಕಿಟಕಿಯಿಂದ ಒಳಬಂದು ನಿದ್ದೆ ನೋಡುವವನ ಬಗ್ಗೆ ಅವಳಿಗೆ ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿ ಮಾತು ತೆಗೆದರೆ, ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಕಥೇಲಿ ಇದ್ರೆ ಇರಲಿ ಬಿಡು ಮಾಮ, ನಮ್ಮ ಕಿಟಕಿಗೆ ಬಂದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ” ಎಂದಳು. ಅವಳಿಗಿದ್ದ ತಕರಾರೇ ಬೇರೆ. ಎಡ್ವರ್ಡ್ ಮತ್ತು ಬೆಲ್ಲಾ ಮೊದಲ ಸಲ ಮಾತಾಡುವುದು ಜೀವಶಾಸ್ತ್ರದ ತರಗತಿಯಲ್ಲಿ, ಈರುಳ್ಳಿ ಬೇರಿನ ಜೀವಕೋಶಗಳು ವಿಭಜನೆಯ ಯಾವ ಹಂತದಲ್ಲಿವೆಯೆಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸುತ್ತ. ನಿದ್ದೆ ಬೇಡದ, ಸಾವಿಲ್ಲದ, ಹಣಕ್ಕೆ ಕೊರತೆಯಿಲ್ಲದ ನೂರು ದಾಟಿದ ಗಂಡಸು ಅದೇ ಈರುಳ್ಳಿಯ ಮುಂದೆ ಕೂತಿದ್ದಾನೆ. “ಅಷ್ಟು ಆಯುಸ್ಸು ಇರೋನು ಯಾರಾದ್ರೂ ಮತ್ತೆ ಮತ್ತೆ ಹೈಸ್ಕೂಲಿಗೆ ಹೋಗ್ತಾರಾ ಮಾಮ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮರುದಿನದ ಪರೀಕ್ಷೆಗೆ ಓದಿಕೊಳ್ಳಲು ಅವಳು ಎದ್ದುಹೋದಳು.